ಮರಳುವ ಟಿಕೆಟ್

ದೇಶ ಸುತ್ತು, ಕೋಶ ಓದು ಎಂದು ನಮ್ಮ ಹಿರಿಯರು ಎರಡು ದಾರಿಗಳನ್ನು ಹೇಳಿದರು. ವಿನಿಮಯ ವಿದ್ಯಾರ್ಥಿಯಾಗಿ ಜರ್ಮನಿಗೆ ಹೋಗುವ ನಮ್ಮ ಹುಡುಗನಿಗೆ ಎರಡೂ ಒಟ್ಟಿಗೇ ಕೂಡಿಬರುತ್ತವೆ. ಆದರೆ ಅವನು ಅಲ್ಲಿಂದ ತರಬೇಕಾದುದು ಕೊಲೋನಿನ ಮಹಾ ಚರ್ಚಿನ ಚಿತ್ರವನ್ನಲ್ಲ. ಅದು ಅಂಚೆ ಕಾರ್ಡಿನಲ್ಲಿಯೂ ಸಿಗುತ್ತದೆ. ಸಿಗದಿರುವುದು ಅಲ್ಲಿಯ ಶಾಲೆಯ ಒಂದು ಮಂಗಳವಾರ, ಯಾವ ವಿಶೇಷವೂ ಇಲ್ಲದ ಮಂಗಳವಾರ.

ಅದರಲ್ಲಿ ಏನಿದೆ? ಸಾಮಾನ್ಯವಾಗಿ ಸಮವಸ್ತ್ರವಿಲ್ಲ. 1 ಅಂಕ ಬಂದವನು ಎಲ್ಲರಿಗಿಂತ ಜಾಣ, 6 ಬಂದವನು ನಪಾಸು. ತರಗತಿಯಲ್ಲಿ ಕೈಯೆತ್ತಿ ಮಾತಾಡಿದ್ದಕ್ಕೂ ಅಂಕವುಂಟು. ನಮ್ಮಲ್ಲಿ ಸುಮ್ಮನೆ ಕುಳಿತವನು ಒಳ್ಳೆಯ ಹುಡುಗ. ಅದೇ ಮೌನ ಇಲ್ಲಿ ವಿನಯ, ಅಲ್ಲಿ ಉದಾಸೀನ. ನೀನು, ನೀವು ಎಂಬ ಭೇದ ಅವರ ನುಡಿಯಲ್ಲಿಯೂ ಇದೆ. ಅದು ಕನ್ನಡದವನಿಗೆ ಮನೆಯ ಮಾತು. ಆದರೆ ಮೇಲಿನ ತರಗತಿಗಳಲ್ಲಿ ಉಪಾಧ್ಯಾಯರೇ ತನ್ನನ್ನು 'ನೀವು' ಎಂದಾಗ, ಬೆನ್ನ ಹಿಂದೆ ಯಾರೋ ದೊಡ್ಡವರು ಬಂದರೆಂದು ಅವನು ತಿರುಗಿ ನೋಡಿದರೆ ಆಶ್ಚರ್ಯವಿಲ್ಲ.

ಹೀಗೆ, ಪ್ರಕೃತಿಯ ನಿಯಮವೆಂದು ನಂಬಿದ್ದುದು ಬರಿಯ ರೂಢಿಯೆಂದು ತಿಳಿಯುತ್ತದೆ. ಅವರದೂ ರೂಢಿಯೇ. ಅಲ್ಲಿನ ಬಹುತೇಕ ರಾಜ್ಯಗಳಲ್ಲಿ ನಾಲ್ಕನೆಯ ತರಗತಿ ಮುಗಿಯುತ್ತಲೇ, ಹತ್ತರ ಹರೆಯದ ಮಕ್ಕಳನ್ನು ಬೇರೆ ಬೇರೆ ಬಗೆಯ ಶಾಲೆಗಳಿಗೆ ವಿಂಗಡಿಸುತ್ತಾರೆ. ವಿಶ್ವವಿದ್ಯಾಲಯದ ಹಾದಿ ಹಿಡಿಸುವ ಶಾಲೆಯ ಹೆಸರು ಗಿಮ್ನಾಸಿಯುಮ್, ಗರಡಿಮನೆಯೆಂದು ತಿಳಿಯಬಾರದು. ಈ ವಿಂಗಡಣೆ ನ್ಯಾಯವೇ ಎಂದು ಅವರಲ್ಲಿಯೇ ವಾದವಿದೆ. ಅತಿಥಿ ಆ ವಾದವನ್ನು ಕೇಳಬಹುದು, ಅದರ ಫಲವನ್ನು ಉಣ್ಣುವುದಿಲ್ಲ. ಅವನ ಜೇಬಿನಲ್ಲಿ ಮರಳುವ ಟಿಕೆಟ್ ಇದೆ.

ಆ ಟಿಕೆಟ್ಟೇ ನನ್ನನ್ನು ಯೋಚನೆಗೆ ಹಚ್ಚಿತು. ನಾನು ಇದನ್ನು ಬರೆಯುತ್ತಿರುವುದು ಅಂಬಿಕಾನಗರದಲ್ಲಿ. ಕಾಳಿ ಜಲವಿದ್ಯುತ್ ಯೋಜನೆಗಾಗಿ ಕಾಡಿನ ನಡುವೆ ಎದ್ದ ಊರು ಇದು; ಕೆಳಗೆ ಕಣಿವೆಯಲ್ಲಿ ನಾಗಝರಿಯ ವಿದ್ಯುದಾಗಾರ. ಇದೇ ಯೋಜನೆಯ ಸೂಪಾ ಅಣೆಕಟ್ಟಿನಿಂದ ಊರು ಕಳೆದುಕೊಂಡ ಮನೆಗಳ ಮಕ್ಕಳು ರಾಮನಗರದಲ್ಲಿ ಹೊಸದಾಗಿ ಅಕ್ಷರ ತಿದ್ದಿದರು. ಮುಂಡಗೋಡಿನಲ್ಲಿ 1966ರಿಂದ ಟಿಬೆಟ್ಟಿನ ನಿರಾಶ್ರಿತರ ಮಕ್ಕಳು ಬೆಳೆದರು. ಸಿದ್ದಿ, ಗೌಳಿ ಮಕ್ಕಳು ಮನೆಯ ಮಾತನ್ನು ಹೊಸ್ತಿಲಲ್ಲಿ ಬಿಟ್ಟು ಕನ್ನಡ ಶಾಲೆಯೊಳಗೆ ಕಾಲಿಡುತ್ತಾರೆ. ಇವರೂ ಪರರ ಶಾಲೆಯ ದಿನಚರಿಗೆ ಹೊಂದಿಕೊಂಡವರೇ. ಇವರಿಗೆ ಪ್ರಮಾಣಪತ್ರವಿಲ್ಲ, ಬೀಳ್ಕೊಡುಗೆಯಿಲ್ಲ. ಸೂಪಾದವರಿಗಾದರೋ, ಮರಳೋಣವೆಂದರೆ ಊರೇ ನೀರಿನಡಿ.

ವಿನಿಮಯವೆಂದರೆ ಕೊಟ್ಟು ಕೊಳ್ಳುವುದು. ಬಂದವನೊಬ್ಬನೇ ಬದಲಾದರೆ ಅದಕ್ಕೆ ಆ ಹೆಸರು ಸಲ್ಲದು. 1870ರಿಂದ 1945ರೊಳಗೆ ಮೂರು ಸಲ ಕಾದಾಡಿದ ಫ್ರಾನ್ಸ್ ಮತ್ತು ಜರ್ಮನಿಗಳು 1963ರಲ್ಲಿ ಸ್ನೇಹದ ಒಪ್ಪಂದಕ್ಕೆ ಸಹಿ ಹಾಕಿದವು. ಯುವಜನರ ವಿನಿಮಯಕ್ಕೆಂದೇ ಅದೇ ವರ್ಷ ಜಂಟಿ ಕಚೇರಿಯೊಂದನ್ನು ತೆರೆದವು. ಮಕ್ಕಳು ಎರಡು ಕಡೆಯಿಂದಲೂ ಹೊರಟರು, ಎರಡು ಕಡೆಯಲ್ಲೂ ಮನೆಗಳು ಬಾಗಿಲು ತೆರೆದವು. ಅದರ ಬಲವಿರುವುದು ಅಲ್ಲಿಯೇ.

ಜರ್ಮನಿಯಿಂದ ಮರಳಿದ ಹುಡುಗನನ್ನು ಏನೇನು ನೋಡಿದೆ ಎಂದು ನಾವೆಲ್ಲ ಕೇಳುತ್ತೇವೆ. ಅವನ ನಿಜವಾದ ಪರೀಕ್ಷೆ ಬೇರೆಯೇ ಇದೆ. ತಿಳಿಯದ ಮಾತಿನ ನಡುವೆ ಇಡೀ ದಿನ ಕೂರುವುದೆಂದರೆ ಏನೆಂದು ಅವನಿಗೆ ಈಗ ಗೊತ್ತು. ತನ್ನ ತರಗತಿಯ ಕಡೆಯ ಬೆಂಚಿನಲ್ಲಿ ಸುಮ್ಮನೆ ಕುಳಿತ ಗೌಳಿ ಹುಡುಗಿಯನ್ನು ದಡ್ಡಿ ಎನ್ನದೆ, ನಿಮ್ಮ ಮಾತಿನಲ್ಲಿ ನೀರಿಗೆ ಏನೆನ್ನುತ್ತೀರಿ ಎಂದು ಅವನು ಕೇಳಿದನೆಂದರೆ, ದೇಶ ಸುತ್ತಿದ್ದು ಸಾರ್ಥಕ.