ಪಡ್ಕೊಂಡು ಬಂದದ್ದು

ಶಾಲೆಯಲ್ಲಿ ನನ್ನ ಕಾಲಿನ ಕ್ಯಾಲಿಪರ್ ಬಿಚ್ಚಿ ಅದರ ಬೂಟನ್ನು ಕಾಂಪೌಂಡಿನಾಚೆ ಎಸೆಯುತ್ತಿದ್ದ ಹುಡುಗರ ಮೇಲೆ ನಾನು ಸಿಟ್ಟು ಮಾಡಿಕೊಳ್ಳಬಹುದಿತ್ತು. ಜಗುಲಿಯಲ್ಲಿ ಅಜ್ಜಿಯ ಜೊತೆ ಎಲೆಯಡಿಕೆ ಮೆಲ್ಲುತ್ತಿದ್ದವರು ಆ ಸಿಟ್ಟನ್ನೂ ಕಿತ್ತುಕೊಂಡರು. "ಏನ್ ಮಾಡೋದು, ಪಾಪ, ಪಡ್ಕೊಂಡು ಬಂದದ್ದು." ಅಂದರೆ ನಾನೇ ಯಾವುದೋ ಜನ್ಮದಲ್ಲಿ ಏನೋ ಮಾಡಿದ್ದೆ, ಹುಡುಗರು ಬರೀ ವಸೂಲಿಗೆ ಬಂದವರು. 'ಕುಂಟ' ಎಂದು ಕೂಗಿಸಿಕೊಂಡದ್ದಕ್ಕಿಂತ ಈ ಮರುಕವೇ ನನ್ನ ನಿದ್ದೆ ಕೆಡಿಸಿತು.

ಕರ್ಮವನ್ನು ನಂಬುವವರು ಪೂರ್ತಿ ನಂಬಲಿ. ವೇದಾಂತಿಗಳು ಸಂಚಿತ, ಪ್ರಾರಬ್ಧ ಎಂಬ ಹಿಂದಿನ ಕರ್ಮಗಳ ಜೊತೆ ಆಗಾಮಿಯನ್ನೂ ಹೇಳಿದ್ದಾರೆ. ಆಗಾಮಿ ಎಂದರೆ ಈಗ ಮಾಡುತ್ತಿರುವುದರಿಂದ ಮುಂದೆ ಬರುವ ಫಲ. ನನ್ನ ಪ್ರಾರಬ್ಧವನ್ನು ಕಂಡವರಿಲ್ಲ. ಬೂಟು ಎಸೆದ ಕೈಯನ್ನು ಇಡೀ ಶಾಲೆ ಕಂಡಿತ್ತು.

ಬೌದ್ಧರ ಸಂಯುತ್ತ ನಿಕಾಯದಲ್ಲಿ ಸೀವಕನೆಂಬ ಪರಿವ್ರಾಜಕ, ಎಲ್ಲ ನೋವೂ ಹಿಂದಿನ ಕರ್ಮದ್ದೇ ಎಂಬ ಮಾತು ನಿಜವೇ ಎಂದು ಬುದ್ಧನನ್ನು ಕೇಳುತ್ತಾನೆ. ಪಿತ್ತ, ಕಫ, ವಾತ, ಋತುಮಾನ, ಪೆಟ್ಟು ಇವುಗಳಿಂದಲೂ ನೋವು ಬರುತ್ತದೆ, ಎಲ್ಲವನ್ನೂ ಹಿಂದಿನ ಕರ್ಮಕ್ಕೆ ಕಟ್ಟುವವರು ತಪ್ಪು ಹೇಳುತ್ತಾರೆ ಎನ್ನುತ್ತಾನೆ ಬುದ್ಧ. ಹುಟ್ಟುಕುರುಡನನ್ನು ತೋರಿಸಿ ಪಾಪ ಯಾರದು ಎಂದು ಶಿಷ್ಯರು ಕೇಳಿದಾಗ ಯೇಸು, ಇವನದೂ ಅಲ್ಲ, ಹೆತ್ತವರದೂ ಅಲ್ಲ ಎಂದ. ನಮ್ಮ ಮಹಾಭಾರತದ ವನಪರ್ವದ ಅಷ್ಟಾವಕ್ರನೂ ತಪ್ಪು ಮಾಡಿದವನಲ್ಲ. ಗರ್ಭದಲ್ಲಿದ್ದಾಗಲೇ ಅಪ್ಪನ ವೇದಾಧ್ಯಯನವನ್ನು ಆಕ್ಷೇಪಿಸಿ, ಮೈ ಡೊಂಕಾಗಲೆಂದು ಅಪ್ಪನಿಂದಲೇ ಶಾಪ ತಿಂದವನು. ಜನಕನ ಆಸ್ಥಾನದಲ್ಲಿ ಬಂದಿ ಎಂಬ ವಿದ್ವಾಂಸನನ್ನು ವಾದದಲ್ಲಿ ಸೋಲಿಸಿದ ಮೇಲೆ ಅಷ್ಟಾವಕ್ರನನ್ನು ಸಮಂಗಾ ನದಿಯಲ್ಲಿ ಮುಳುಗಿಸಿ ಮೈ ನೆಟ್ಟಗೆ ಮಾಡಿಸುತ್ತಾರೆ. ಆ ಕೊನೆ ನನಗೆ ಎಂದೂ ಹಿಡಿಸಿಲ್ಲ. ಗೆದ್ದವನು ಡೊಂಕಾಗಿಯೇ ಮನೆಗೆ ಹೋಗಿದ್ದರೆ ಏನಾಗುತ್ತಿತ್ತು?

ಇನ್ನೊಂದು ಮಾತು. ನನ್ನ ಕಾಲು ಪೋಲಿಯೊದಿಂದ ಸೊರಗಿದ್ದು. ದೇಶದ ಕೊನೆಯ ವೈಲ್ಡ್ ಪೋಲಿಯೊ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ, ಹೌರಾ ಜಿಲ್ಲೆಯಲ್ಲಿ. 2014ರ ಮಾರ್ಚ್‌ನಲ್ಲಿ ಭಾರತಕ್ಕೆ ಪೋಲಿಯೊಮುಕ್ತ ಪ್ರಮಾಣಪತ್ರ ಸಿಕ್ಕಿತು. ಆಮೇಲೆ ಹುಟ್ಟಿದ ಕೋಟ್ಯಂತರ ಮಕ್ಕಳ ಪ್ರಾರಬ್ಧವನ್ನು ಎರಡು ಹನಿ ಲಸಿಕೆ ತೊಳೆದುಬಿಟ್ಟಿತೇ? ಜಗುಲಿಯವರು ಯಾರೂ ಇದಕ್ಕೆ ಉತ್ತರ ಹೇಳಿಲ್ಲ.

ಈಗ ನಾನು ಹೈಸ್ಕೂಲ್ ಮೇಷ್ಟ್ರು. ಸೆರೆಬ್ರಲ್ ಪಾಲ್ಸಿ ಇರುವ ಒಂಬತ್ತನೇ ತರಗತಿಯ ಹುಡುಗಿ ನಡೆಯುವುದನ್ನು ಯಾರೋ ವಿಡಿಯೊ ಮಾಡಿ, ಹಾಡು ಸೇರಿಸಿ ವಾಟ್ಸಾಪ್‌ಗೆ ಹಾಕಿದರು. ಅವಳು ಶಾಲೆ ಬಿಟ್ಟಳು, ಊಟವನ್ನೂ ಬಿಟ್ಟಳು. ಮನೆಗೆ ಹೋದಾಗ ತಾಯಿ, "ಅವಳ ಹಣೆಬರಹ ಮೇಷ್ಟ್ರೇ" ಎಂದರು. "ಹಣೆಬರಹ ಇರ್ಲಮ್ಮ, ವಿಡಿಯೊ ಮಾಡಿದ್ದು ಹತ್ತನೇ ಕ್ಲಾಸಿನ ಹುಡುಗರು" ಎಂದೆ. ಹುಡುಗಿ ಆಗ ತಲೆಯೆತ್ತಿ ನೋಡಿದಳು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 92ನೇ ಕಲಂ ಪ್ರಕಾರ, ಅಂಗವಿಕಲರನ್ನು ಬೇಕೆಂದೇ ಸಾರ್ವಜನಿಕವಾಗಿ ಅವಮಾನಿಸಿದರೆ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು. ಮಕ್ಕಳನ್ನು ಜೈಲಿಗೆ ಕಳಿಸಿ ಎನ್ನುತ್ತಿಲ್ಲ. ಇದು ತಮಾಷೆಯಲ್ಲ, ಅಪರಾಧ ಎಂಬುದು ಅವರಿಗೂ ಅವರ ಅಪ್ಪ ಅಮ್ಮಂದಿರಿಗೂ ಗೊತ್ತಿರಲಿ.

ಮಗು ಶಾಲೆಯಿಂದ ಮಂಕಾಗಿ ಬಂದರೆ ಹಿಂದಿನ ಜನ್ಮದ ಮಾತೆತ್ತಬೇಡಿ. ಯಾರು ಏನಂದರು ಎಂದು ಕೇಳಿ, ಮರುದಿನ ನೀವೇ ಶಾಲೆಗೆ ಹೋಗಿ. ಬದುಕೇ ಬೇಡ ಎಂಬ ಮಾತು ಅದರ ಬಾಯಿಂದ ಬಂದರೆ ತಡಮಾಡದೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.