ಗಾಜಿನ ತೊಟ್ಟಿಯ ಬಸವನಹುಳು ಮತ್ತು ಅಹಿಂಸಾಣುವ್ರತ

ಗೃಹಸ್ಥನು ಸಂಪೂರ್ಣ ಹಿಂಸಾತ್ಯಾಗಕ್ಕೆ ಶಕ್ತನಲ್ಲ. ಅಡಿಗೆ, ಕೃಷಿ, ವ್ಯಾಪಾರ, ಆತ್ಮರಕ್ಷಣೆಗಳಲ್ಲಿ ಒದಗುವ ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳನ್ನು ಅವನು ಯತ್ನಾಚಾರದಿಂದ ಕಡಿಮೆ ಮಾಡಬಲ್ಲನೇ ಹೊರತು ಇಲ್ಲವಾಗಿಸಲಾರನು. ಆದರೆ ತ್ರಸಜೀವಗಳ ಸಂಕಲ್ಪೀ ಹಿಂಸೆಯನ್ನು ಅಣುವ್ರತಿಯು ಬಿಡಲೇಬೇಕು. ಇದು ಶ್ರಾವಕರೆಲ್ಲರಿಗೂ ತಿಳಿದ ವಿಷಯವೇ ಆಗಿದೆ. ಆದರೆ ಕೊಲ್ಲುವ ಉದ್ದೇಶವೇ ಇಲ್ಲದೆ, ಕೇವಲ ಕಣ್ಣಿನ ಸಂತೋಷಕ್ಕಾಗಿ ಕೈಗೊಂಡ ಕಾರ್ಯವು ಕೊನೆಗೆ ಹಿಂಸೆಯ ಬಾಗಿಲಿಗೇ ತಂದು ನಿಲ್ಲಿಸಿದರೆ ವ್ರತಿಯು ಏನು ಮಾಡಬೇಕು? ಮನೆಯ ಅಕ್ವೇರಿಯಂನಲ್ಲಿ ಸಿಹಿನೀರಿನ ಬಸವನಹುಳುಗಳನ್ನು ಸಾಕಿ ಮರಿಮಾಡಿಸುವ ಹವ್ಯಾಸವು ಈ ಪ್ರಶ್ನೆಯನ್ನು ಎದುರಿಗಿಡುತ್ತದೆ.

ಶಂಖ, ಸಿಂಪಿಗಳಂತೆ ಬಸವನಹುಳುವೂ ದ್ವೀಂದ್ರಿಯ ಜೀವ. ಸ್ಪರ್ಶನ, ರಸನಗಳೆಂಬ ಎರಡು ಇಂದ್ರಿಯಗಳು, ಕಾಯಬಲ, ವಚನಬಲ, ಆಯು, ಶ್ವಾಸೋಚ್ಛ್ವಾಸ ಹೀಗೆ ಆರು ಪ್ರಾಣಗಳು ಅದಕ್ಕುಂಟು. ಗಾಜಿನ ಮೇಲಿನ ಪಾಚಿಯನ್ನೂ ಮೀನು ತಿಂದುಳಿದ ಆಹಾರವನ್ನೂ ತಿಂದು ತೊಟ್ಟಿಯನ್ನು ಚೊಕ್ಕಟಗೊಳಿಸುತ್ತದೆಂದು ಅದನ್ನು ತರುತ್ತಾರೆ. ಕೆಲವೊಮ್ಮೆ ನೀರಿನ ಗಿಡಗಳಿಗೆ ಅಂಟಿದ ಮೊಟ್ಟೆಗಳ ಮೂಲಕ ಅದು ತಾನಾಗಿಯೇ ಬರುತ್ತದೆ. ಬಂದ ಬಳಿಕ ಅದರ ಸಂತಾನವೃದ್ಧಿಗೆ ತಡೆಯಿಲ್ಲ. ಚಪ್ಪಟೆ ಸುರುಳಿಯ ರಾಮ್ಸ್‌ಹಾರ್ನ್ ಜಾತಿಯಲ್ಲಿ ಪ್ರತಿಯೊಂದು ಹುಳುವೂ ಗಂಡೂ ಹೌದು, ಹೆಣ್ಣೂ ಹೌದು. ನೀಳ ಚಿಪ್ಪಿನ ಮಲೇಷ್ಯನ್ ಟ್ರಂಪೆಟ್ ಜಾತಿಯ ಹೆಣ್ಣು ಗಂಡಿನ ಸಂಗವಿಲ್ಲದೆಯೇ ಜೀವಂತ ಮರಿಗಳನ್ನು ಹಾಕಬಲ್ಲದು. ಮಿಸ್ಟರಿ ಎಂಬ ದೊಡ್ಡ ಬಸವನಹುಳುವಿನಲ್ಲಿ ಗಂಡು ಹೆಣ್ಣುಗಳು ಬೇರೆಬೇರೆ. ಹೆಣ್ಣು ನೀರಿನ ಮಟ್ಟಕ್ಕಿಂತ ಮೇಲೆ ಮೊಟ್ಟೆಗಳ ಗೊಂಚಲನ್ನಿಡುತ್ತದೆ; ಒಮ್ಮೆ ಕೂಡಿದ ಮೇಲೆ ತಿಂಗಳುಗಳ ತರುವಾಯವೂ ಮೊಟ್ಟೆಯಿಡಬಲ್ಲದು. ಹೀಗೆ ಎರಡು ಹುಳುಗಳನ್ನು ತಂದವನ ಮನೆಯಲ್ಲಿ ಕೆಲವೇ ಕಾಲದಲ್ಲಿ ನೂರಾರು ಜೀವಗಳಾಗುತ್ತವೆ.

ಆಗ ಅವನ ಮುಂದೆ ಮೂರು ದಾರಿಗಳು ತೋರುತ್ತವೆ. ಕೊಲ್ಲುವುದು ಮೊದಲನೆಯದು. ತಾಮ್ರ ಬೆರೆತ ಔಷಧ ಬಸವನಹುಳುಗಳಿಗೆ ವಿಷ. ಅದನ್ನು ತಿಳಿದು ನೀರಿಗೆ ಸುರಿಯುವುದು ಸಂಕಲ್ಪೀ ಹಿಂಸೆಯೇ ಸರಿ. ಬಸವನಹುಳುಗಳನ್ನು ತಿನ್ನುವ ಮೀನನ್ನು ತಂದು ಬಿಟ್ಟರೂ ದೋಷ ತಪ್ಪದು. ಕೃತವು ಕಾರಿತವಾಯಿತು, ಅಷ್ಟೆ.

ಆಹಾರ ನಿಲ್ಲಿಸಿ ಸಂಖ್ಯೆಯನ್ನು ಇಳಿಸುವುದು ಎರಡನೆಯ ದಾರಿ. ಇದು ಹೆಚ್ಚು ಮೃದುವೆಂದು ತೋರುವುದರಿಂದಲೇ ಹೆಚ್ಚು ಅಪಾಯಕರ. ತತ್ತ್ವಾರ್ಥಸೂತ್ರದಲ್ಲಿ ಅಹಿಂಸಾಣುವ್ರತಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ ಬಂಧನವು ಮೊದಲನೆಯದು, ಅನ್ನಪಾನಗಳ ನಿರೋಧವು ಕೊನೆಯದು. ಕಟ್ಟಿಹಾಕಿದ ಜೀವವು ತನ್ನ ಆಹಾರವನ್ನು ತಾನು ಅರಸಿಕೊಳ್ಳಲಾರದು. ಆದುದರಿಂದ ಕಟ್ಟಿದವನೇ ಅದರ ಅನ್ನಕ್ಕೆ ಹೊಣೆ. ಅಷ್ಟಮಿ, ಚತುರ್ದಶಿಗಳಲ್ಲಿ ಶ್ರಾವಕನು ಉಪವಾಸ ಮಾಡುವುದು ತನ್ನ ಇಚ್ಛೆಯನ್ನು ತಾನೇ ನಿಗ್ರಹಿಸಲೆಂದು. ಸ್ವಂತ ಸಂಕಲ್ಪದಿಂದ ಬಿಟ್ಟ ಅನ್ನವು ತಪಸ್ಸು. ಪರಜೀವಕ್ಕೆ ತಪ್ಪಿಸಿದ ಅನ್ನವು ಹಿಂಸೆ. ಹೊಟ್ಟೆಯ ಹಸಿವು ಎರಡರಲ್ಲಿಯೂ ಒಂದೇ. ಧರ್ಮವು ಒಂದರಲ್ಲಿ ಮಾತ್ರ ಇದೆ.

ಕೆರೆಗೋ ಹೊಳೆಗೋ ಬಿಟ್ಟುಬರುವುದು ಮೂರನೆಯದು. ಇದಕ್ಕೆ ಜಲಗಾಲನದ ವಿಧಿಯನ್ನೇ ಆಧಾರವಾಗಿ ತೋರಿಸುವವರುಂಟು. ಆದರೆ ನೀರನ್ನು ಸೋಸಿದ ಮೇಲೆ ಬಟ್ಟೆಯಲ್ಲುಳಿದ ಜೀವಗಳನ್ನು ಅದೇ ಬಾವಿಗೆ ಮರಳಿಸಬೇಕೆಂಬುದು ವಿಧಿಯೇ ಹೊರತು, ಯಾವುದೋ ಒಂದು ನೀರಿಗೆ ಸುರಿಯಬೇಕೆಂಬುದಲ್ಲ. ದಕ್ಷಿಣ ಅಮೆರಿಕದ ಗೋಲ್ಡನ್ ಆ್ಯಪಲ್ ಬಸವನಹುಳುವನ್ನು 1980ರ ಸುಮಾರಿಗೆ ಆಹಾರಕ್ಕೆಂದು ತೈವಾನಿಗೆ ತರಲಾಯಿತು. ಅದು ಗದ್ದೆಗಳಿಗೆ ಹರಡಿ, ಏಷ್ಯದ ಹಲವು ದೇಶಗಳಲ್ಲಿ ಎಳೆಯ ಭತ್ತದ ಪೈರನ್ನು ತಿಂದುಹಾಕಿತು. ಸ್ಪೇನ್ ದೇಶದ ಎಬ್ರೊ ನದೀಮುಖದ ಗದ್ದೆಗಳಲ್ಲಿ 2009ರಲ್ಲಿ ಅದು ಕಾಣಿಸಿಕೊಂಡ ತರುವಾಯ, ಐರೋಪ್ಯ ಒಕ್ಕೂಟವು 2012ರಲ್ಲಿ ಆ ಕುಲವನ್ನೇ ನಿಷೇಧಿಸಿತು. ಒಂದು ಜೀವವನ್ನು ಬಿಡುಗಡೆ ಮಾಡಿದೆನೆಂಬ ತೃಪ್ತಿಯು ಅಸಂಖ್ಯ ಜೀವಗಳ ನಾಶಕ್ಕೂ ರೈತನ ಕಣ್ಣೀರಿಗೂ ಕಾರಣವಾದರೆ ಅದು ದಯೆಯಲ್ಲ, ಪ್ರಮಾದ.

ಅಂಗಡಿಯ ಇಕ್ಕಟ್ಟಿನಿಂದ ಹುಳುವನ್ನು ಕೊಂಡು ತರುವುದು ಅಭಯದಾನವಲ್ಲವೇ ಎಂದು ಕೇಳಬಹುದು. ಕೊಂಡವನ ಹಣದಿಂದಲೇ ಅಂಗಡಿಯವನು ಮತ್ತಷ್ಟು ಹುಳುಗಳನ್ನು ತರಿಸುತ್ತಾನೆ. ದೆಹಲಿಯ ದಿಗಂಬರ ಜೈನ ಲಾಲ್ ಮಂದಿರದ ಆವರಣದಲ್ಲಿ ಪಕ್ಷಿಗಳ ಆಸ್ಪತ್ರೆಯಿದೆ. ಅಲ್ಲಿ ಗಾಯಗೊಂಡ ಹಕ್ಕಿಯನ್ನು ಶುಶ್ರೂಷೆಗಾಗಿ ಇರಿಸಿಕೊಂಡು, ಗುಣವಾದ ಬಳಿಕ ಹಾರಲು ಬಿಡುತ್ತಾರೆ. ಅಲ್ಲಿ ಜೀವವನ್ನು ಇರಿಸಿಕೊಳ್ಳುವುದು ಜೀವದ ಹಿತಕ್ಕಾಗಿ. ಗಾಜಿನ ತೊಟ್ಟಿಯಲ್ಲಾದರೋ ನೋಡುವವನ ವಿನೋದಕ್ಕಾಗಿ. ಜೀವನೋಪಾಯವೂ ಅಲ್ಲದ, ರಕ್ಷಣೆಯೂ ಅಲ್ಲದ ಇಂಥ ನಿಷ್ಪ್ರಯೋಜಕ ಕಾರ್ಯಗಳಿಂದ ದೂರವಿರಲೆಂದೇ ಆಚಾರ್ಯರು ಅನರ್ಥದಂಡವಿರತಿಯನ್ನು ಶ್ರಾವಕನಿಗೆ ವಿಧಿಸಿದರು.

ಆದುದರಿಂದ ಬಸವನಹುಳುವನ್ನು ತರದಿರುವುದೇ ವ್ರತಿಗೆ ಶ್ರೇಯಸ್ಕರ. ಆದರೆ ಈಗಾಗಲೇ ಮನೆಯಲ್ಲಿರುವ ಹುಳುಗಳನ್ನು ಪಶ್ಚಾತ್ತಾಪದ ಹೆಸರಿನಲ್ಲಿ ತ್ಯಜಿಸಬಾರದು. ಅವುಗಳ ಆಯುಷ್ಯ ತೀರುವವರೆಗೆ ಪಾಲನೆ ಮಾಡುವುದೇ ಪ್ರಾಯಶ್ಚಿತ್ತ. ಮಿಸ್ಟರಿ ಹುಳುಗಳಲ್ಲಿ ಗಂಡು ಹೆಣ್ಣುಗಳನ್ನು ಬೇರೆ ತೊಟ್ಟಿಗಳಲ್ಲಿಡಬಹುದು. ಮೀನಿಗೆ ಹಾಕುವ ಆಹಾರವು ತಳದಲ್ಲಿ ಕೊಳೆಯದಂತೆ ಮೊದಲಿನಿಂದಲೂ ಮಿತವಾಗಿದ್ದರೆ ವೃದ್ಧಿಯೂ ಮಿತವಾಗುತ್ತದೆ. ಮಿತಿಯಿಂದ ನೀಡುವುದು ಬೇರೆ, ಹುಟ್ಟಿದ ಜೀವವನ್ನು ಹಸಿವಿಗೆ ಕೆಡಹುವುದು ಬೇರೆ. ಹುಳುಗಳನ್ನು ಮಾರಬಾರದು, ಮೀನಿಗೆ ಆಹಾರವಾಗಿ ಬಳಸುವವರಿಗೆ ಕೊಡಲೂಬಾರದು. ತೊಟ್ಟಿಯ ನೀರನ್ನು ಬದಲಿಸುವಾಗ ದಪ್ಪ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಸೋಸಿ, ಅದರಲ್ಲುಳಿದ ಮರಿಗಳನ್ನು ಮತ್ತೆ ಆ ತೊಟ್ಟಿಗೇ ಸೇರಿಸಬೇಕು. ಅಲ್ಲಿ ಹುಟ್ಟಿದ ಜೀವಗಳಿಗೆ ಆ ಗಾಜಿನ ತೊಟ್ಟಿಯೇ ಬಾವಿ. ಕುಡಿಯುವ ನೀರನ್ನು ಸೋಸುವ ಮನೆಗಳಿಗೆ ಈ ಕೆಲಸವು ಹೊಸದೂ ಅಲ್ಲ, ಭಾರವೂ ಅಲ್ಲ.