ಕೊಟ್ಟವರ ಹೆಸರು, ಪಡೆದವರ ಮುಖ

ದಾನವು ಶ್ರೇಷ್ಠವೆಂಬುದನ್ನು ಒಪ್ಪದ ಮತವಿಲ್ಲ. ಆದರೆ ದಾನವು ನಡೆದುಹೋದ ಬಳಿಕ ಅದರ ನೆನಪನ್ನು ಯಾರು, ಹೇಗೆ ಕಾದಿರಿಸಬೇಕೆಂಬ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಕೇಳಿಕೊಳ್ಳುವುದಿಲ್ಲ. ಕೊಟ್ಟದ್ದನ್ನು ಬರೆದಿಟ್ಟರೆ ಅಹಂಕಾರವು ಬೆಳೆಯುವುದೆಂದು ಕೆಲವರು ಹೇಳುವರು. ಬರೆದಿಡದಿದ್ದರೆ ಸತ್ಕಾರ್ಯಕ್ಕೆ ಮುಂದೆ ನಡೆಸುವವರು ದೊರೆಯಲಾರರೆಂದು ಮತ್ತೆ ಕೆಲವರು ಹೇಳುವರು. ಈ ಎರಡು ಮಾತುಗಳಲ್ಲಿಯೂ ಸತ್ಯಾಂಶವುಂಟು. ಇವುಗಳ ನಡುವಿನ ಸರಿಯಾದ ಹಾದಿ ಯಾವುದು? ನನಗೆ ಈ ಪ್ರಶ್ನೆಯು ಗ್ರಂಥಾವಲೋಕನದಿಂದ ಹುಟ್ಟಿದುದಲ್ಲ. ಬೆಂಗಳೂರಿನ ಮತ್ತಿಕೆರೆಯಲ್ಲಿ ಒಂದು ಮನೆಯ ಪಡಸಾಲೆಯಲ್ಲಿ ಎದುರಾದುದು.

ಯಶವಂತಪುರಕ್ಕೆ ಹೊಂದಿಕೊಂಡಿರುವ ಮತ್ತಿಕೆರೆ, ಹೆಸರೇ ಸೂಚಿಸುವಂತೆ, ಹಿಂದೊಮ್ಮೆ ಕೆರೆಯನ್ನು ನಂಬಿ ಬಾಳಿದ ಹಳ್ಳಿ. 1953 ಮತ್ತು 1954ರಲ್ಲಿ ಸ್ಥಾಪನೆಗೊಂಡ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಹಾಗೂ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳು ಜಾಲಹಳ್ಳಿಯಲ್ಲಿ ಬೆಳೆದಂತೆ ಈ ಭಾಗದ ಹಳ್ಳಿಗಳು ಕ್ರಮೇಣ ಬಡಾವಣೆಗಳಾದವು. ತಿಂಗಳ ಸಂಬಳದ ಮನೆಗಳು ಒಂದು ಬೀದಿಯಲ್ಲಿ. ಯಶವಂತಪುರದ ಮಾರುಕಟ್ಟೆಯ ಪ್ರಾಂಗಣದಲ್ಲಿ ಮೂಟೆ ಹೊತ್ತು, ಚೆಲ್ಲಿದ ಕಾಳನ್ನು ಗುಡಿಸಿ ಕೇರಿ ದಿನ ದೂಡುವವರ ಮನೆಗಳು ಮತ್ತೊಂದು ಬೀದಿಯಲ್ಲಿ. ಈ ಎರಡು ಬೀದಿಗಳ ನಡುವೆ ಓಡಾಡುತ್ತಿದ್ದವರು ಕೆಲವು ಮಂದಿ ಗೃಹಿಣಿಯರು. ಸೋಮವಾರ ಸಂಜೆ ವಚನಗಾಯನಕ್ಕಾಗಿ ಕೂಡುತ್ತಿದ್ದ ಅವರು, ಅಡುಗೆಗೆ ಅಕ್ಕಿ ಅಳೆಯುವಾಗಲೆಲ್ಲ ಒಂದು ಹಿಡಿಯನ್ನು ಬೇರೆ ಡಬ್ಬಿಗೆ ಹಾಕುವ ನೇಮವನ್ನು ಕೈಕೊಂಡರು. ಆ ಅಕ್ಕಿಯಲ್ಲಿ ಒಂದು ಪಾಲು ಮಠದ ದಾಸೋಹಕ್ಕೆ, ಒಂದು ಪಾಲು ನೆರೆಯ ಬೀದಿಗೆ ಹೋಗುತ್ತಿತ್ತು. ಶಾಲೆಗಳು ತೆರೆಯುವ ಕಾಲಕ್ಕೆ ಮಕ್ಕಳಿಗೆ ಪುಸ್ತಕಗಳನ್ನು ಕೊಡುತ್ತಿದ್ದರು. ಇಷ್ಟೇ ಅವರ ಸಂಘ. ಪ್ರಚಾರವನ್ನು ಬಯಸದ ಅದರ ಹೆಸರನ್ನು ನಾನೂ ಇಲ್ಲಿ ಹೇಳುವುದಿಲ್ಲ.

ಸಂಘದ ಚರಿತ್ರೆಯನ್ನು ಒಂದು ಸ್ಮರಣ ಸಂಚಿಕೆಗಾಗಿ ಬರೆದುಕೊಡಬೇಕೆಂದು ಆ ತಾಯಂದಿರು ನನ್ನನ್ನು ಕೇಳಿದರು. ಹಳೆಯ ದಫ್ತರಗಳನ್ನೆಲ್ಲ ಮುಂದಿಟ್ಟರು. ಅವುಗಳಲ್ಲಿ ಹಣ ಕೊಟ್ಟವರ ಹೆಸರುಗಳು ಸ್ಫುಟವಾಗಿದ್ದವು. ದುಡಿದ ಹೆಣ್ಣುಮಕ್ಕಳು ಮಾತ್ರ ಬಹುಮಟ್ಟಿಗೆ 'ಶ್ರೀಮತಿ ಇಂತಹವರು' ಎಂದು ಗಂಡಂದಿರ ಹೆಸರಿನಲ್ಲಿಯೇ ಇದ್ದರು. ಅಕ್ಕಿಯ ಡಬ್ಬಿಯ ವಿಚಾರ ಎಲ್ಲಿಯೂ ಇರಲಿಲ್ಲ. ಅದು ಬರೆಯತಕ್ಕ ಸಂಗತಿಯೆಂದು ಯಾರಿಗೂ ತೋರಿರಲಿಲ್ಲ. ಪಡೆದವರು ಇದ್ದುದು ಛಾಯಾಚಿತ್ರಗಳಲ್ಲಿ. ವೇದಿಕೆಯ ಮೇಲೆ ಅತಿಥಿಗಳು, ಅವರ ಕೈಯಲ್ಲಿ ಪುಸ್ತಕದ ಕಟ್ಟು, ಅದರ ಇನ್ನೊಂದು ತುದಿಯನ್ನು ಹಿಡಿದು ನೆಲ ನೋಡುತ್ತಿರುವ ಹುಡುಗಿ.

ಅಂತಹ ಒಂದು ಚಿತ್ರವನ್ನು ನಾನು ಸಂಚಿಕೆಗೆಂದು ಆರಿಸಿಟ್ಟೆ. ಚಹಾ ತಂದ ಸದಸ್ಯೆಯೊಬ್ಬರು ಅದನ್ನು ಬಹಳ ಹೊತ್ತು ನೋಡಿ, "ಇದೊಂದನ್ನು ಹಾಕಬೇಡಿ," ಎಂದರು. ಆ ಹುಡುಗಿ ಅವರೇ ಆಗಿದ್ದರು. "ಪುಸ್ತಕ ಕೊಟ್ಟ ಉಪಕಾರವನ್ನು ನಾನು ಮರೆತಿಲ್ಲ, ಅದಕ್ಕೇ ಈ ಸಂಘಕ್ಕೆ ಬಂದೆ. ಆದರೆ ಈ ಚಿತ್ರ ಆ ವರ್ಷವೆಲ್ಲ ಶಾಲೆಯ ಗೋಡೆಯ ಮೇಲೆ ತೂಗುತ್ತಿತ್ತು," ಎಂದಷ್ಟೇ ಹೇಳಿದರು. ಅವರ ಮಾತಿನಲ್ಲಿ ಕೋಪವಿರಲಿಲ್ಲ. ಆದುದರಿಂದಲೇ ಅದು ನನ್ನನ್ನು ನಾಟಿತು.

ಆ ರಾತ್ರಿ ನನಗೆ ನೆನಪಾದವಳು ಆಯ್ದಕ್ಕಿ ಲಕ್ಕಮ್ಮ. ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಮಾರಯ್ಯ ಲಕ್ಕಮ್ಮ ದಂಪತಿಗಳು ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತಂದು ಜಂಗಮದಾಸೋಹ ನಡೆಸುತ್ತಿದ್ದರೆಂಬುದು ವಾಚಕರಿಗೆಲ್ಲ ತಿಳಿದ ವಿಷಯ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಈ ಹೆಚ್ಚಳವು ಕಾಯಕದ್ದಲ್ಲ, ಆಸೆಯದು ಎಂದು ಆಕೆ ಅದನ್ನು ಹಿಂದಿರುಗಿಸಿ ಬರಲು ಹೇಳಿದಳು. ಈ ಪ್ರಸಂಗವನ್ನು ನಾವು ಕಾಯಕನಿಷ್ಠೆಗೆ ದೃಷ್ಟಾಂತವಾಗಿ ಹೇಳುತ್ತೇವೆ, ಅದು ಯುಕ್ತವೇ. ಆದರೆ ಅದರಲ್ಲಿ ದಾಸೋಹಕ್ಕೆ ಸಂಬಂಧಿಸಿದ ಪಾಠವೂ ಒಂದುಂಟು. ಆ ಅಕ್ಕಿ ದಾಸೋಹಕ್ಕೇ ವಿನಿಯೋಗವಾಗಬೇಕಾಗಿತ್ತಲ್ಲವೆ? ಹೆಚ್ಚಿದ್ದರೆ ಇನ್ನಿಬ್ಬರು ಉಣ್ಣುತ್ತಿದ್ದರಲ್ಲವೆ? ಹಾಗಿದ್ದೂ ಲಕ್ಕಮ್ಮ ಒಪ್ಪಲಿಲ್ಲ. ಸತ್ಕಾರ್ಯಕ್ಕಾಗಿ ಎಂಬ ಕಾರಣದಿಂದ ಅಗತ್ಯಕ್ಕೆ ಮೀರಿದ್ದನ್ನು ತೆಗೆದುಕೊಳ್ಳುವುದು ಆಕೆಗೆ ಸಮ್ಮತವಾಗಲಿಲ್ಲ.

ಛಾಯಾಚಿತ್ರದ ಹುಡುಗಿಯಿಂದ ನಾವು ತೆಗೆದುಕೊಂಡುದೂ ಅಂತಹ ಹೆಚ್ಚಿನ ಹಿಡಿಯೇ. ಪುಸ್ತಕವನ್ನು ಕೊಟ್ಟೆವು, ಪ್ರತಿಯಾಗಿ ಆಕೆಯ ಮುಖವನ್ನು ತೆಗೆದುಕೊಂಡೆವು. ಕಾರ್ಯ ಬೆಳೆಯಲೆಂಬುದೇ ಉದ್ದೇಶವಾಗಿತ್ತು, ನಿಜ. ಆದರೆ ಕೊಡುವವನು ಪಡೆಯುವವನಿಂದ ಬೆಲೆಯನ್ನು ವಸೂಲು ಮಾಡಿದಲ್ಲಿ ಅದು ವ್ಯಾಪಾರವಾಗುವುದು. ಶರಣರು ದಾನವೆಂಬ ಮಾತಿಗಿಂತ ದಾಸೋಹವೆಂಬ ಮಾತನ್ನು ಎತ್ತಿಹಿಡಿದುದರ ಮರ್ಮವಿದು. ದಾನದಲ್ಲಿ ಕೊಡುವವನು ಮೇಲೆ ನಿಲ್ಲುವನು. ದಾಸೋಹದಲ್ಲಿ ಕೊಡುವವನೇ ದಾಸನು.

ಹಾಗಾದರೆ ಚರಿತ್ರೆಯನ್ನೇ ಬರೆಯದಿರುವುದು ಲೇಸೆ? ನಾನು ಮೊದಲು ಹಾಗೆಯೇ ಭಾವಿಸಿ, ಸಂಚಿಕೆಯೇ ಬೇಡವೆಂದು ಹೇಳಿಬಿಟ್ಟೆ. ಆಗ ಸಂಘದ ಹಿರಿಯ ತಾಯಿಯೊಬ್ಬರು, "ಗಂಡಸರು ಹೆಸರನ್ನು ಮರೆಮಾಡಿದರೆ ವಿನಯ ಎನ್ನುತ್ತಾರೆ. ನಮ್ಮ ಹೆಸರು ಎಂದು ಹೊರಗೆ ಬಂದಿತ್ತು, ಮರೆಮಾಡುವುದಕ್ಕೆ?" ಎಂದು ಕೇಳಿದರು. ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಅವರ ಮಾತು ನಮ್ಮ ನಾಡಿನ ಚರಿತ್ರೆಗೆಲ್ಲ ಅನ್ವಯಿಸುವುದು. ಬೆಂಗಳೂರಿನಲ್ಲಿ ಮಹಿಳಾ ಸೇವಾ ಸಮಾಜ ಆರಂಭವಾದುದು 1913ರಲ್ಲಿ. ಹೆಣ್ಣುಮಕ್ಕಳ ವಿದ್ಯೆಗಾಗಿ ಅದು ದುಡಿದ ಕಾಲ ನೂರು ವರ್ಷಗಳನ್ನು ಮೀರಿದೆ. ಬಾಲ್ಯದಲ್ಲಿಯೇ ವೈಧವ್ಯವನ್ನು ಅನುಭವಿಸಿದ ಆರ್. ಕಲ್ಯಾಣಮ್ಮನವರು 'ಸರಸ್ವತಿ' ಪತ್ರಿಕೆಯನ್ನು ದಶಕಗಳ ಕಾಲ ನಡೆಸಿದರು. 1938ರಲ್ಲಿ ಮಕ್ಕಳ ಕೂಟವನ್ನು ಕಟ್ಟಿದರು. ಅವರಂತೆಯೇ ನೊಂದ ನಂಜನಗೂಡು ತಿರುಮಲಾಂಬಾ ಅವರು ಲೇಖಕಿಯಾಗಿ, ಪ್ರಕಾಶಕಿಯಾಗಿ, ಪತ್ರಿಕಾ ಸಂಪಾದಕಿಯಾಗಿ ದುಡಿದೂ ದೀರ್ಘಕಾಲ ಓದುಗರ ನೆನಪಿನಿಂದ ಮರೆಯಾಗಿದ್ದರು. ಇಂತಹ ಮರೆವನ್ನು ನಿರಹಂಕಾರವೆಂದು ಕರೆಯಲಾಗದು. ಅದು ಲೋಕದ ಕೃತಘ್ನತೆ. ಹನ್ನೆರಡನೆಯ ಶತಮಾನದ ಶರಣೆಯರಾದರೋ ತಮ್ಮ ಮಾತಿನಿಂದ ಉಳಿದರು. ನೂಲುವ ಕದಿರೆ ರೆಮ್ಮವ್ವೆ, ಭತ್ತ ಕುಟ್ಟುವ ಕೊಟ್ಟಣದ ಸೋಮಮ್ಮ ಇಂದಿಗೂ ಕಾಯಕದ ಹೆಸರಿನಿಂದಲೇ ನಮ್ಮೊಡನೆ ಇದ್ದಾರೆ. ಲಕ್ಕಮ್ಮನ ಅಂಕಿತದಲ್ಲಿ ಗಂಡನ ಹೆಸರಿದೆ. ಆದರೆ ಗಂಡನನ್ನು ತಿದ್ದಿದ ದನಿ ಆಕೆಯದೇ.

ಮಠದಲ್ಲಿ ಉಂಡು ಓದಿದ ನನ್ನ ಸಹಪಾಠಿಗಳು ಇಲ್ಲಿ ತಮ್ಮನ್ನೇ ನೆನೆದುಕೊಳ್ಳಬಹುದು. ನಮ್ಮ ತಟ್ಟೆಗೆ ಬಿದ್ದ ಅನ್ನ ಯಾವ ಊರಿನ, ಯಾವ ತಾಯಿಯ ಹಿಡಿಯಕ್ಕಿಯೆಂದು ನಮಗೆ ತಿಳಿದಿರಲಿಲ್ಲ. ಪಂಕ್ತಿಯಲ್ಲಿ ಕುಳಿತಾಗ ಯಾರೂ ನಮ್ಮನ್ನು ಎಬ್ಬಿಸಿ ನಿಲ್ಲಿಸಿ, ಇವನು ಬಡವನು, ಇವನಿಗೆ ನಾವು ಉಣಿಸಿದೆವು ಎಂದು ತೋರಿಸಲಿಲ್ಲ. ತಲೆಯೆತ್ತಿ ಉಂಡೆವು, ತಲೆಯೆತ್ತಿ ಹೊರಬಂದೆವು. ನಮಗೆ ದೊರೆತ ಈ ಘನತೆಯನ್ನು ನೆರೆಯ ಬೀದಿಯ ಮಗುವಿಗೆ ನಿರಾಕರಿಸಲು ನಮಗೆ ಅಧಿಕಾರವೆಲ್ಲಿಯದು?

ಆದರೂ ಆ ತಾಯಂದಿರನ್ನು ಹೆಸರಿಲ್ಲದೆ ಬಿಟ್ಟದ್ದು ನಮ್ಮ ಸಾಲವೇ. ಆದುದರಿಂದ ಚರಿತ್ರೆಯನ್ನು ಬರೆಯಬೇಕು, ಆದರೆ ಮೂರು ವಿಧದ ಜನರನ್ನು ಮೂರು ರೀತಿಯಲ್ಲಿ ಕಾಣಬೇಕು. ಹಣ ಕೊಟ್ಟವರದು ಲೆಕ್ಕವಾಗಿ ಬರಲಿ; ಪೈಸೆ ಪೈಸೆಗೂ ಉತ್ತರವಿರಲಿ. ದುಡಿದವರು ತಮ್ಮ ಸ್ವಂತ ಹೆಸರಿನಿಂದ ಬರಲಿ. ಪಡೆದವರು ತಾವಾಗಿ ಮುಂದೆ ಬಂದು ಹೇಳಿಕೊಂಡ ಹೊರತು ಅವರ ಹೆಸರೂ ಮುಖವೂ ಗೋಪ್ಯವಾಗಿರಲಿ. ಫಲಕದಲ್ಲಿ ಹೆಸರಿಲ್ಲದಿದ್ದರೆ ಜನ ಕೊಡುವುದಿಲ್ಲವೆಂದು ಆಕ್ಷೇಪಿಸುವರುಂಟು. ಕೆಲವರು ಕೊಡದೆ ಹೋಗಬಹುದು. ಅದರಿಂದ ನಾಲ್ಕು ಮಕ್ಕಳಿಗೆ ಪುಸ್ತಕ ಕಡಿಮೆಯೂ ಆಗಬಹುದು. ಈ ನಷ್ಟವು ಅಲ್ಪವೆಂದು ನಾನು ಹೇಳಲಾರೆ. ಅದಕ್ಕಾಗಿಯೇ ಕೊಟ್ಟವರ ಹೆಸರನ್ನು ಅಳಿಸಬೇಕೆಂದು ನಾನು ಹೇಳುತ್ತಿಲ್ಲ. ಪಡೆದವರ ಮುಖವನ್ನು ಅದಕ್ಕೆ ಅಲಂಕಾರವಾಗಿಸಬಾರದೆಂದಷ್ಟೇ ಹೇಳುತ್ತಿದ್ದೇನೆ.

ಸಂಚಿಕೆ ಅಚ್ಚಾಯಿತು. ಹುಡುಗಿಯ ಚಿತ್ರವಿರಬೇಕಾಗಿದ್ದ ಪುಟದಲ್ಲಿ ಈಗ ಅಕ್ಕಿಯ ಡಬ್ಬಿಯ ಕಥೆ ಇದೆ. ಅದನ್ನು ಬರೆದವರು ನಾನಲ್ಲ. ಚಿತ್ರ ಬೇಡವೆಂದ ಆ ಸದಸ್ಯೆಯೇ. ಕೆಳಗೆ ತಮ್ಮ ಹೆಸರನ್ನು ಅವರೇ ಬರೆದುಕೊಂಡಿದ್ದಾರೆ. ಮನೆಮನೆಗಳಲ್ಲಿ ಅಂತಹ ಡಬ್ಬಿಗಳನ್ನು ತುಂಬಿಸಿದ ತಾಯಂದಿರ ಋಣದ ಅರಿವು ನಮ್ಮೆಲ್ಲರಲ್ಲಿ ಉಳಿಯಲಿ, ಕೊಡುವ ಕೈ ಬಾಗಿಯೇ ಇರಲಿ ಎಂದು ಗುರುಬಸವಣ್ಣನವರಲ್ಲಿ ಪ್ರಾರ್ಥಿಸುತ್ತೇನೆ.